ಕೆಲಸಕ್ಕೆಂದು ಊರು ಬಿಡುವ ಮುನ್ನ

(ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಭಾಗದ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಒಕ್ಕೂಟದ ಪರವಾಗಿ ಮಾಡಿದ ಭಾಷಣ)

ಬೆಳಿಗ್ಗೆ ಬೇಗ ಎದ್ದು, ಮನೆ ಕೆಲಸ ಮುಗಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದೀರಿ. ಆದ್ದರಿಂದ ಸುತ್ತಿ ಬಳಸಿ ಮಾತಾಡದೆ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಈ ಸಭೆಗೆ ಮೊದಲು ಪ್ರತಿ ಸಂಘದಿಂದ ಒಂದು ಪ್ರಶ್ನೆ ಬರೆದು ಕಳಿಸಿ ಅಂತ ಕೇಳಿದ್ದೆವು. ಸಾಲದ ಬಗ್ಗೆ, ಬ್ಯಾಂಕಿನ ಬಗ್ಗೆ ಪ್ರಶ್ನೆಗಳು ಬರುತ್ತವೆ ಅಂದುಕೊಂಡಿದ್ದೆವು. ಆದರೆ ಬಹಳಷ್ಟು ಚೀಟಿಗಳಲ್ಲಿ ಇದ್ದದ್ದು ಬೇರೆಯೇ. "ಬೆಂಗ್ಳೂರಿಗೆ ಹೋಗಾಣ ಅಂತ ಮನ್ಯಾಗ ಹೇಳ್ತಾರೆ, ನನಗೆ ಏನೂ ತಿಳಿವಲ್ದು." "ಮಗಳಿಗೆ ಗಾರ್ಮೆಂಟ್ಸ್‌ನಾಗ ಕೆಲಸ ಐತಂತೆ, ಕಳಿಸ್ಲೋ ಬ್ಯಾಡೋ?" "ಬಳ್ಳಾರ್ಯಾಗ ಜೀನ್ಸ್ ಕೆಲಸ ಸಿಕ್ಕೈತೆ, ಮನಿ ಅಲ್ಲೇ ಮಾಡ್ಲೋ, ದಿನಾ ಓಡಾಡ್ಲೋ?"

ಇದಕ್ಕೆ "ಹೋಗಿ" ಅಂತಲೋ "ಬೇಡ" ಅಂತಲೋ ಒಂದೇ ಉತ್ತರ ಎಲ್ಲರಿಗೂ ಕೊಡಲು ಆಗುವುದಿಲ್ಲ. ಹಾಗೆ ಒಂದೇ ಉತ್ತರ ಕೊಟ್ಟು ನಾವೇ ಎರಡು ಸಲ ತಪ್ಪು ಮಾಡಿದ್ದೇವೆ. ಮೊದಲು ಆ ತಪ್ಪುಗಳನ್ನೇ ನಿಮ್ಮ ಮುಂದೆ ಇಡುತ್ತೇವೆ.

ನಾವು ಮಾಡಿದ ಎರಡು ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಸಿರುಗುಪ್ಪ ಕಡೆಯ ನಮ್ಮ ಒಬ್ಬ ಸದಸ್ಯೆಯ ಗಂಡನಿಗೆ ಬೆಂಗಳೂರಿನಲ್ಲಿ ಕಟ್ಟಡ ಕಾಯುವ ಕೆಲಸ ಇದೆ, ಇರೋದಕ್ಕೆ ಶೆಡ್ಡೂ ಕೊಡ್ತಾರೆ ಅಂತ ಯಾರೋ ಹೇಳಿದರು. ಗಂಡ ಹೆಂಡತಿ ಎರಡು ಎಮ್ಮೆ ಮಾರಿದರು. ಆ ಅಕ್ಕ ಸಂಘಕ್ಕೆ ಬಂದು, "ನನ್ನ ಉಳಿತಾಯದ ದುಡ್ಡು ಕೊಟ್ಟುಬಿಡ್ರಿ, ಹೆಸರು ತೆಗೀರಿ" ಅಂದಳು. ನಾವು ಲೆಕ್ಕ ಮಾಡಿ ದುಡ್ಡು ಕೊಟ್ಟೆವು, ಠರಾವು ಪುಸ್ತಕದಲ್ಲಿ ಬರೆದೆವು, ಹೂವು ಕುಂಕುಮ ಕೊಟ್ಟು ಕಳಿಸಿದೆವು. ಒಂದು ಪ್ರಶ್ನೆ ಕೂಡ ಕೇಳಲಿಲ್ಲ. ಹತ್ತು ತಿಂಗಳಿಗೆ ಕೆಲಸ ಕೊಟ್ಟ ಗುತ್ತಿಗೆದಾರ ಕೆಲಸ ಅರ್ಧಕ್ಕೇ ಬಿಟ್ಟು ಹೋದ. ಎರಡು ತಿಂಗಳ ಕೂಲಿ ಬರಲಿಲ್ಲ. ಅವರು ಊರಿಗೆ ವಾಪಸ್ ಬಂದಾಗ ಎಮ್ಮೆ ಇಲ್ಲ, ಮಳೆಗೆ ಮನೆ ಮಾಳಿಗೆ ಕುಸಿದಿತ್ತು, ಸಂಘದಲ್ಲಿ ಹೆಸರಿಲ್ಲದ್ದಕ್ಕೆ ಸಾಲವೂ ಸಿಗಲಿಲ್ಲ. ದೊಡ್ಡ ಮಗ ಶಾಲೆ ಬಿಟ್ಟ. ಆ ಅಕ್ಕ ನಾಚಿಕೆಯಿಂದ ಸಭೆ ನಡೆಯುವ ಓಣಿಗೂ ಬರಲಿಲ್ಲ. ನಾವೂ ಹೋಗಿ ಕರೆಯಲಿಲ್ಲ.

ಇದನ್ನು ನೋಡಿ ಹೆದರಿದ ನಾವು, ಊರು ಬಿಟ್ಟು ಹೋಗುವುದಕ್ಕೆ ಸಂಘದಿಂದ ಸಾಲ ಕೊಡಬಾರದು ಅಂತ ಠರಾವು ಮಾಡಿದೆವು. ಎರಡನೇ ತಪ್ಪು ಇದೇ.

ಬಳ್ಳಾರಿ ನಗರದ ಇನ್ನೊಬ್ಬ ಸದಸ್ಯೆ. ಗಂಡ ಬಿಟ್ಟು ಹೋಗಿದ್ದ. ಇಬ್ಬರು ಮಕ್ಕಳು. ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸಿ ಜೀವನ ಮಾಡುತ್ತಿದ್ದಳು. ಅವಳ ತಂಗಿ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಇದ್ದಳು, ಕೆಲಸಕ್ಕೆ ಹೇಳಿಟ್ಟಿದ್ದಳು, ರೂಮಿನಲ್ಲಿ ಜಾಗವೂ ಇತ್ತು. ಮೊದಲ ತಿಂಗಳು ಸಂಬಳ ಬರುವ ತನಕ ಕೈಯಲ್ಲಿರಲಿ ಅಂತ ಹದಿನೈದು ಸಾವಿರ ಸಾಲ ಕೇಳಿದಳು. ನಾವು ಠರಾವು ತೋರಿಸಿದೆವು. ಹೆಣ್ಣುಮಗಳು ಒಬ್ಬಳೇ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿ ಹೋಗ್ತಾಳೆ ಅಂತ ಬುದ್ಧಿಯನ್ನೂ ಹೇಳಿದೆವು. ಅವಳು ಏನೂ ಮಾತಾಡದೆ ಎದ್ದು ಹೋದಳು. ಒಂದು ತಿಂಗಳಲ್ಲಿ ಮೇಸ್ತ್ರಿಯೊಬ್ಬನ ಹತ್ತಿರ ಮೂವತ್ತು ಸಾವಿರ ಮುಂಗಡ ತಗೊಂಡು ಮಕ್ಕಳ ಸಮೇತ ಇಟ್ಟಿಗೆ ಭಟ್ಟಿಗೆ ಹೋದಳು. ವರ್ಷವಾದರೂ "ಲೆಕ್ಕ ಚುಕ್ತಾ ಆಗಿಲ್ಲ" ಅಂತ ಬಿಡಲಿಲ್ಲ.

ಅಕ್ಕತಂಗಿಯರೇ, ಅವಳು ಊರು ಬಿಡೋದನ್ನ ನಾವು ತಡೆದೆವಾ? ಇಲ್ಲ. ಒಳ್ಳೆ ದಾರಿಯಲ್ಲಿ ಹೋಗೋದನ್ನ ತಡೆದೆವು, ಅಷ್ಟೇ.

ಮೊದಲನೆಯ ಅಕ್ಕನಿಗೆ "ಹೋಗು" ಅಂದದ್ದು ತಪ್ಪಾಯಿತು, ಎರಡನೆಯವಳಿಗೆ "ಬೇಡ" ಅಂದದ್ದು ತಪ್ಪಾಯಿತು. ಇಬ್ಬರ ವಿಷಯದಲ್ಲೂ ನಾವು ನೋಡದೆ ಬಿಟ್ಟದ್ದು ಒಂದೇ: ವಾಪಸ್ ಬರುವ ದಾರಿ. ಆ ದಾರಿ ಇಟ್ಟುಕೊಂಡು ಹೋದರೆ ಅದು ನಮ್ಮ ತೀರ್ಮಾನ. ಅದನ್ನು ಮುಚ್ಚಿಕೊಂಡು ಹೋದರೆ ಬೇರೆಯವರು ನಮ್ಮನ್ನು ತಳ್ಳಿದ ಹಾಗೆ. ಇವತ್ತು ನಾವು ಹೇಳಬೇಕೆಂದಿರುವುದು ಇದಿಷ್ಟೇ.

ಊರು ಬಿಡೋದು ಅವಮಾನ ಅಲ್ಲ

ಕೆಲವರು ಗುಳೆ ಅಂದರೆ ತಲೆ ತಗ್ಗಿಸುತ್ತಾರೆ. ತಲೆ ತಗ್ಗಿಸಬೇಕಾದ್ದು ಏನೂ ಇಲ್ಲ. ಸಿರುಗುಪ್ಪ, ಕುರುಗೋಡು ಸುತ್ತ ಎಷ್ಟು 'ಕ್ಯಾಂಪು'ಗಳಿವೆ ನೋಡ್ರಿ. 1953ರಲ್ಲಿ ತುಂಗಭದ್ರಾ ಆಣೆಕಟ್ಟಿನಿಂದ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ರೈತ ಕುಟುಂಬಗಳು ಬಂದು, ಇಲ್ಲಿ ಭೂಮಿ ಮಾಡಿ ನೆಲೆ ನಿಂತದ್ದರಿಂದ ಆದ ಊರುಗಳು ಅವು. ಅವರೂ ಒಂದು ದಿನ ತಮ್ಮ ಊರಿನ ಕಟ್ಟೆ ಮೇಲೆ ಕೂತು "ಹೋಗೋಣವೋ ಬೇಡವೋ" ಅಂತ ಯೋಚನೆ ಮಾಡಿದವರೇ. ಅದೇ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಜನ ಮಾತ್ರ ಯೋಚನೆ ಮಾಡುವ ಅವಕಾಶವೇ ಇಲ್ಲದೆ ಊರು ಬಿಟ್ಟರು. ಒಂದೇ ನೀರು, ಎರಡು ತರಹದ ಊರು ಬಿಡೋದು.

ನಮ್ಮ ಜಿಲ್ಲೆಯ ಗಣಿ ಕಾಲವೂ ನಿಮಗೆ ನೆನಪಿದೆ. 2000ದ ನಂತರ ಚೀನಾಕ್ಕೆ ಅದಿರು ಹೋಗಲು ಶುರುವಾದಾಗ ಸಂಡೂರು, ಹೊಸಪೇಟೆ, ಬಳ್ಳಾರಿಗೆ ಎಲ್ಲೆಲ್ಲಿಂದಲೋ ಜನ ಬಂದರು. ಬಾಡಿಗೆ ಏರಿತು. ಸಾಲ ಮಾಡಿ ಲಾರಿ ಕೊಂಡವರು ಎಷ್ಟೋ ಮಂದಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಕೆಲಸ ನಿಂತರೂ ಲಾರಿ ಸಾಲದ ಕಂತು ನಿಲ್ಲಲಿಲ್ಲ. ಆಗ ತಡೆದುಕೊಂಡವರು ಯಾರು? ಊರಲ್ಲಿ ತುಂಡು ಹೊಲ, ಒಂದು ಮನೆ, ನಾಲ್ಕು ಜನರ ಬಳಕೆ ಉಳಿಸಿಕೊಂಡವರು.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗಲೂ ಇದೇ ಪಾಠ. ಬೆಂಗಳೂರಿನಲ್ಲಿ ದುಡಿಯುತ್ತಿದ್ದ ನಮ್ಮವರು ಗಂಟುಮೂಟೆ ಹೊತ್ತು ಹೊರಟರು. ಮೇ ಮೊದಲ ವಾರ ಸರ್ಕಾರ ಉಚಿತ ಬಸ್ ಬಿಡುವ ತನಕ ಎಷ್ಟೋ ಮಂದಿ ನಡೆದರು, ಲಾರಿ ಹತ್ತಿದರು. ಊರಲ್ಲಿ ಬಾಗಿಲು ತೆರೆದಿದ್ದವರಿಗೆ ಅದು ಕಷ್ಟದ ಪ್ರಯಾಣ. ಊರಲ್ಲಿ ಏನೂ ಉಳಿಸಿಕೊಳ್ಳದವರಿಗೆ ಎಲ್ಲಿಗೆ ಪ್ರಯಾಣ?

ಹೋಗೋದು ಬೇರೆ, ಓಡಿಹೋಗೋದು ಬೇರೆ

ಹೊರಡುವ ಮುನ್ನ ಮೊದಲ ಪ್ರಶ್ನೆ ನಮಗೆ ನಾವೇ ಕೇಳಿಕೊಳ್ಳಬೇಕು. ಕೆಲಸ ಇದೆ ಅಂತ ಹೋಗ್ತಿದ್ದೀವಾ, ಸಾಲಗಾರರಿಗೆ ಹೆದರಿ ಹೋಗ್ತಿದ್ದೀವಾ?

ಮೈಕ್ರೋ ಫೈನಾನ್ಸ್ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ 2025ರ ಜನವರಿಯಲ್ಲಿ ನಮ್ಮ ರಾಜ್ಯದ ಬೇರೆ ಬೇರೆ ಜಿಲ್ಲೆಗಳಿಂದ ಬಂತು. ಆ ವರ್ಷ ಫೆಬ್ರುವರಿಯಲ್ಲೇ ಬಲವಂತದ ವಸೂಲಿ ತಡೆಯಲು ಸರ್ಕಾರ ಸುಗ್ರೀವಾಜ್ಞೆ ತಂದಿತು. ಮನೆ ಮುಂದೆ ಕೂತು ಬೈಯುವುದು, ಹೆದರಿಸುವುದು, ಸಾಮಾನು ಎತ್ತಿಕೊಂಡು ಹೋಗುವುದು ಅಪರಾಧ. ಸಾಲದ ಭಯದಿಂದ ಹೊರಟಿದ್ದರೆ ದಯವಿಟ್ಟು ಮೊದಲು ಸಂಘಕ್ಕೆ ಬಂದು ಹೇಳಿ. ಹೆದರಿ ಹೊರಟವರು ಕೆಲಸ ನೋಡಿ ಆರಿಸುವುದಿಲ್ಲ, ಸಿಕ್ಕಿದ್ದಕ್ಕೆ ಕೈ ಹಾಕುತ್ತಾರೆ. ಮುಂಗಡ ಕೊಡುವ ಮೇಸ್ತ್ರಿಗೆ ಇದು ಚೆನ್ನಾಗಿ ಗೊತ್ತು. ಮುಂಗಡ ತೀರುವ ತನಕ ಬಿಡುವುದಿಲ್ಲ ಅಂತ ದುಡಿಸಿಕೊಂಡರೆ ಅದಕ್ಕೆ ಜೀತ ಅಂತ ಹೆಸರು. 1976ರ ಕಾನೂನಿನಲ್ಲಿ ಜೀತ ನಿಷಿದ್ಧ. ಆ ಸಾಲ ತೀರಿಸಬೇಕಾದ್ದೂ ಇಲ್ಲ.

ಸಂಬಳ ಎಷ್ಟು ಅಂತಲ್ಲ, ಉಳಿಯೋದು ಎಷ್ಟು

ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಅದೇ ರೀತಿ ಹತ್ತಿರದ ಬೆಟ್ಟದಲ್ಲಿ ನಮಗೆ ಬರೀ ಕಲ್ಲೇ ಕಾಣುತ್ತದೆ. ಆದ್ದರಿಂದ ಎರಡನ್ನೂ ಕಾಗದದ ಮೇಲೆ ಇಳಿಸಿ ನೋಡಬೇಕು. ಒಂದು ಲೆಕ್ಕ ಮಾಡಿ ತೋರಿಸುತ್ತೇವೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಮನೆಯ ಲೆಕ್ಕವನ್ನು ನೀವೇ ಹಾಕಬೇಕು.

ಕುರುಗೋಡಿನ ಒಬ್ಬ ಹೆಣ್ಣುಮಗಳು ಅಂತ ಇಟ್ಟುಕೊಳ್ಳೋಣ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ತಿಂಗಳಿಗೆ 13,000 ರೂಪಾಯಿ. ಪೂರ್ತಿ ಸಂಬಳದ ಮೇಲೆ ಲೆಕ್ಕ ಹಿಡಿದರೆ ಪಿ.ಎಫ್.ಗೆ ನೂರಕ್ಕೆ 12ರಂತೆ 1,560 ಹೋಗುತ್ತದೆ. ಇ.ಎಸ್.ಐ.ಗೆ ನೂರಕ್ಕೆ 75 ಪೈಸೆಯಂತೆ 98 ರೂಪಾಯಿ. ಕೈಗೆ ಬರೋದು 11,342. ಮೂವರು ಸೇರಿ ಮಾಡಿದ ರೂಮಿನ ಬಾಡಿಗೆ, ಕರೆಂಟು, ನೀರು ಸೇರಿ ಅವಳ ಪಾಲು 3,500. ಊಟ, ಗ್ಯಾಸು 3,000. ಸಾಬೂನು, ಫೋನು, ಔಷಧಿ 800. ಊರಿಗೆ ಬಂದು ಹೋಗುವ ಖರ್ಚು ತಿಂಗಳಿಗೆ 500 ಅಂತ ಇಡಿ. ಒಟ್ಟು ಖರ್ಚು 7,800. ಉಳಿಯೋದು 3,542. ವರ್ಷಕ್ಕೆ 42,504.

ಅದೇ ಹೆಣ್ಣುಮಗಳು ಬಳ್ಳಾರಿಯ ಜೀನ್ಸ್ ಘಟಕಕ್ಕೆ ದಿನಾ ಓಡಾಡಿದರೆ? ಪೀಸ್ ಲೆಕ್ಕದಲ್ಲಿ ಕೆಲಸ ಇದ್ದ ತಿಂಗಳು 9,000 ಬರುತ್ತದೆ, ವರ್ಷದಲ್ಲಿ ಒಂಬತ್ತು ತಿಂಗಳು ಕೆಲಸ ಸಿಗುತ್ತದೆ ಅಂತ ಇಡೋಣ. 81,000 ಆಯಿತು. ಆಟೋ, ಚಹಾ, ಬುತ್ತಿ ಅಂತ ಕೆಲಸದ ತಿಂಗಳಿಗೆ ಸಾವಿರದಂತೆ 9,000. ಮನೆ ಊಟಕ್ಕೆ ಅವಳ ಪಾಲು ತಿಂಗಳಿಗೆ 2,000, ವರ್ಷಕ್ಕೆ 24,000. ಉಳಿದದ್ದು 48,000.

ನೋಡಿದ್ರಾ? ಸಂಬಳ ನೋಡಿದರೆ ಬೆಂಗಳೂರು ದೊಡ್ಡದು. ಕೈಯಲ್ಲಿ ಉಳಿಯೋದು ನೋಡಿದರೆ ಬಳ್ಳಾರಿ ಮೇಲು. ಇಲ್ಲಿಗೇ ಲೆಕ್ಕ ಮುಗಿಸಬೇಡಿ. ಬೆಂಗಳೂರಿನಲ್ಲಿ ಅವಳ ಹೆಸರಿನ ಪಿ.ಎಫ್. ಖಾತೆಯಲ್ಲಿ ವರ್ಷಕ್ಕೆ ಅವಳ ಪಾಲೇ 18,720 ಸೇರಿರುತ್ತದೆ. ಅದನ್ನು ಕೂಡಿಸಿದರೆ 61,224. ಮಾಲೀಕರ ಪಾಲು ಬೇರೆ. ಈಗ ಬೆಂಗಳೂರು ಮೇಲಾಯಿತು. ಆದರೆ ಅದು ಆ ಪಿ.ಎಫ್. ನಿಜವಾಗಿ ಕಟ್ಟುತ್ತಿದ್ದರೆ ಮಾತ್ರ, ಅವಳು ವರ್ಷ ಪೂರ್ತಿ ಅಲ್ಲಿ ನಿಂತರೆ ಮಾತ್ರ. ಬಳ್ಳಾರಿಯ ಘಟಕದಲ್ಲಿಯೂ ಪಿ.ಎಫ್. ಕೊಟ್ಟರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಹೀಗೆ ಒಂದೊಂದು ಸಾಲು ಬರೆದಾಗ ಉತ್ತರ ಬದಲಾಗುತ್ತಾ ಹೋಗುತ್ತದೆ. ಅದಕ್ಕೇ ಬಾಯಿ ಮಾತಿನಲ್ಲಿ ತೀರ್ಮಾನ ಮಾಡಬೇಡಿ ಅನ್ನೋದು.

ಇನ್ನೊಂದು ಖರ್ಚನ್ನು ಎಲ್ಲರೂ ಮರೆಯುತ್ತಾರೆ. ಅದು ಮೊದಲ ತಿಂಗಳಿನದು. ರೂಮಿನ ಅಡ್ವಾನ್ಸ್, ಪಾತ್ರೆ, ಹಾಸಿಗೆ, ಸಂಬಳ ಬರುವ ತನಕ ಊಟ. ಈ ದುಡ್ಡು ಎಲ್ಲಿಂದ ಬಂತು ಅನ್ನೋದರ ಮೇಲೆ ಮುಂದಿನ ಒಂದು ವರ್ಷ ನಿಂತಿರುತ್ತದೆ. ಕೈಗಡ ತಂದರೆ ಬಡ್ಡಿಗೆ ದುಡಿಯುತ್ತೀರಿ, ಮೇಸ್ತ್ರಿ ಕೊಟ್ಟರೆ ಮೇಸ್ತ್ರಿಗೆ ದುಡಿಯುತ್ತೀರಿ. ಸಂಘದಿಂದ ತಗೊಂಡರೆ ನಿಮ್ಮ ಬಡ್ಡಿ ನಿಮ್ಮ ಸಂಘಕ್ಕೇ ಬರುತ್ತದೆ.

ಓಡಾಡಿ ನೋಡಿದ ಮೇಲೆ ಮನೆ ಬದಲಿಸಿ

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಕುರುಗೋಡಿನಿಂದ ಬಳ್ಳಾರಿಗೆ 30 ಕಿ.ಮೀ. ಹತ್ತಿರ. ದಿನಾ ಓಡಾಡಬಹುದು. ಸಿರುಗುಪ್ಪದಿಂದ 50 ಕಿ.ಮೀ. ಮೇಲಾಗುತ್ತದೆ, ದಿನಾ ಓಡಾಡಿದರೆ ಮೈ ಸೋಲುತ್ತದೆ. ಬಸ್ಸು ಪುಕ್ಕಟೆ ಆದರೂ ಹೊತ್ತು ಪುಕ್ಕಟೆ ಅಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡಬೇಕು, ಸಾಯಂಕಾಲ ಕೆಲಸ ಬಿಟ್ಟ ಮೇಲೆ ಬಸ್ಸು ಇದೆಯಾ, ಓವರ್‌ಟೈಮ್ ಮಾಡಿಸಿದ ದಿನ ಏನು ಗತಿ, ಇಳಿದ ಮೇಲೆ ಮನೆಗೆ ಹೋಗುವ ದಾರಿಯಲ್ಲಿ ಬೆಳಕಿದೆಯಾ, ಇದನ್ನೆಲ್ಲ ಒಂದೆರಡು ತಿಂಗಳು ಓಡಾಡಿಯೇ ತಿಳಿಯಬೇಕು. ಆದಷ್ಟು ಮಟ್ಟಿಗೆ ಮೊದಲು ಓಡಾಡಿ, ಆಮೇಲೆ ಮನೆ ಬದಲಿಸಿ. ಬೆಂಗಳೂರಿನ ವಿಷಯ ಬೇರೆ. 300 ಕಿ.ಮೀ. ದೂರ, ಓಡಾಡಿ ನೋಡಲು ಆಗುವುದಿಲ್ಲ. ಅಲ್ಲಿಗೆ ಮೊದಲು ಒಬ್ಬರು ಹೋಗಿ ಮೂರು ತಿಂಗಳು ಇದ್ದು ನೋಡಿ, ಆಮೇಲೆ ಸಂಸಾರ ಸಾಗಿಸೋದು ಒಳ್ಳೇದು.

ಕೆಲಸ ಕೊಡುವವರಿಗೆ ಕೇಳಬೇಕಾದ ಮಾತು

ಕೇಳೋದಕ್ಕೆ ಸಂಕೋಚ ಬೇಡ. ಕೇಳಿದರೆ ಕೆಲಸ ಕೊಡಲ್ಲ ಅನ್ನುವ ಜಾಗಕ್ಕೆ ಹೋಗದಿರುವುದೇ ಮೇಲು.

ನೇಮಕಾತಿ ಪತ್ರ ಕೊಡ್ತೀರಾ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಇದನ್ನು ಕೊಡಬೇಕು. ಸಂಬಳ ಬ್ಯಾಂಕ್ ಖಾತೆಗೆ ಬರುತ್ತದಾ? ಅದು ನಮ್ಮ ಹೆಸರಿನ ಖಾತೆಯಾ? ಪಿ.ಎಫ್. ನಂಬರು, ಇ.ಎಸ್.ಐ. ಕಾರ್ಡು ಕೊಡ್ತೀರಾ? ಹಾಸ್ಟೆಲ್ ಇದ್ದರೆ ಸಂಬಳದಲ್ಲಿ ಎಷ್ಟು ಹಿಡೀತೀರಿ? ಭಾನುವಾರ ಹೊರಗೆ ಹೋಗಲು ಬಿಡ್ತೀರಾ? ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳದ ದೂರು ಕೇಳಲು ಸಮಿತಿ ಇರಬೇಕು ಅಂತ 2013ರ ಕಾನೂನು ಹೇಳುತ್ತದೆ. ಆ ಸಮಿತಿಯಲ್ಲಿ ಯಾರಿದ್ದಾರೆ? ಆಧಾರ್ ಕಾರ್ಡು, ಅಂಕಪಟ್ಟಿ ಯಾರು ಕೇಳಿದರೂ ಜೆರಾಕ್ಸ್ ಕೊಡಿ, ಮೂಲ ಪತ್ರ ಕೊಡಬೇಡಿ.

ಪಿ.ಎಫ್. ಬಗ್ಗೆ ಒಂದು ಮಾತು. ಪಿ.ಎಫ್. ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ತಂದ ಬಿಗಿ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡೇ ದಿನದಲ್ಲಿ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಯಾಕೆ ಅಷ್ಟು ಸಿಟ್ಟು ಬಂತು? ಅವರಿಗೆ ಆ ದುಡ್ಡು ಅಂದರೆ ಮಗಳ ಮದುವೆ, ಕಾಯಿಲೆಯ ಖರ್ಚು, ಕೊನೆಗೆ ಊರಿಗೆ ವಾಪಸ್ ಬರುವ ದಾರಿ. ಪಿ.ಎಫ್. ನಂಬರನ್ನು ಒಂದು ಪುಸ್ತಕದಲ್ಲಿ ಬರೆದು ಮನೆಯಲ್ಲೂ ಇಡಿ.

ಮಕ್ಕಳು ಮತ್ತು ಹಿರಿಯರು

ನಾಟಿ ಮುಗಿಯಿತು, ಕೂಲಿ ಇಲ್ಲ ಅಂತ ಶಾಲೆಯ ನಡು ವರ್ಷದಲ್ಲಿ ಮಕ್ಕಳನ್ನು ಕಿತ್ತುಕೊಂಡು ಹೋಗುವುದರಿಂದ ಎಷ್ಟೋ ಮಕ್ಕಳ ಓದು ಅಲ್ಲಿಗೇ ನಿಂತಿದೆ. ಸಾಧ್ಯವಾದರೆ ಪರೀಕ್ಷೆ ಮುಗಿದ ಮೇಲೆ ಹೊರಡಿ, ಶಾಲೆ ಶುರುವಾಗುವ ಹೊತ್ತಿಗೆ ಹೊಸ ಕಡೆ ಸೇರಿಸಿ. ಟಿ.ಸಿ. ತಡವಾಯಿತು ಅಂತ ಸರ್ಕಾರಿ ಶಾಲೆಯಲ್ಲಿ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ಜಾತಿ, ಆದಾಯ, 371(ಜೆ) ಪ್ರಮಾಣಪತ್ರಗಳನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಬಸುರಿ ಇದ್ದರೆ ತಾಯಿ ಕಾರ್ಡು ಮರೆಯಬೇಡಿ. ಪಡಿತರ ಚೀಟಿಯನ್ನು ತೆಗೆಸಬೇಕಾಗಿಲ್ಲ, ಅದೇ ಚೀಟಿಯಲ್ಲಿ ರಾಜ್ಯದ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ತಗೋಬಹುದು.

ವಯಸ್ಸಾದ ಅತ್ತೆ ಮಾವ, ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಹೋಗುವಾಗ "ಹೆಂಗೋ ಇರ್ತಾರೆ" ಅನ್ನಬೇಡಿ. ಮಾತ್ರೆ ಯಾರು ತಂದು ಕೊಡ್ತಾರೆ, ರಾತ್ರಿ ಕಷ್ಟ ಆದರೆ ಯಾರ ಬಾಗಿಲು ಬಡೀತಾರೆ, ಅದನ್ನ ಹೆಸರು ಹಿಡಿದು ಗೊತ್ತು ಮಾಡಿ ಹೋಗಿ.

ಇನ್ನೂ ಒಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳೋದಿಲ್ಲ. ಹೋಗಬೇಕಾದ ಹೆಣ್ಣುಮಗಳನ್ನ ಕೇಳಿದ್ದೀರಾ? ಗಂಡ ತೀರ್ಮಾನ ಮಾಡ್ತಾನೆ, ಹೆಂಡತಿ ಪಾತ್ರೆ ಕಟ್ಟುತ್ತಾಳೆ. ತಾಯಿತಂದೆ ಮಾತಾಡಿಕೊಳ್ತಾರೆ, ಮಗಳು ಬಸ್ ಹತ್ತುತ್ತಾಳೆ. ಅವಳಿಗೂ ಒಂದು ಮನಸ್ಸಿದೆ. ಹೋಗಬೇಕು ಅಂತ ಆಸೆ ಇರಬಹುದು, ಭಯವೂ ಇರಬಹುದು. ಅವಳ ಬಾಯಿಂದ ಕೇಳಿದ ಮೇಲೆ ತೀರ್ಮಾನ ಮಾಡಿ.

ಕುರುಗೋಡಿನಲ್ಲಿ ಮಾಡಿದ್ದು ಹೀಗೆ

ಎರಡು ತಪ್ಪು ಹೇಳಿದೆವು. ಈಗ ಸ್ವಲ್ಪ ಸರಿಯಾಗಿ ಮಾಡಿದ ಒಂದು ಸಂಗತಿಯನ್ನೂ ಹೇಳುತ್ತೇವೆ.

ಕುರುಗೋಡಿನ ನಮ್ಮ ಒಬ್ಬ ಸದಸ್ಯೆ ಹೊಲಿಗೆ ಬಲ್ಲವಳು. ಮೆಣಸಿನಕಾಯಿ, ಹತ್ತಿ ಬಿಡಿಸುವ ಕೂಲಿಯೂ ಮಾಡುತ್ತಿದ್ದಳು. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಹತ್ತು ಮಿಷನ್ ನೋಡಿಕೊಳ್ಳುವ ಕೆಲಸಕ್ಕೆ ಕರೆದರು. ಗಂಡನಿಗೆ ಒಪ್ಪಿಗೆ ಇರಲಿಲ್ಲ. "ಹೆಂಗಸಿನ ಕೆಲಸಕ್ಕೆ ಗಂಡು ಮನಿ ಬದ್ಲಿ ಮಾಡಾದೇನು?" ಅಂದ. ಸಂಘದಲ್ಲಿ ಎರಡು ವಾರ ಮಾತಾಡಿದೆವು. ಹಳೆ ಠರಾವನ್ನು ತೆಗೆದುಹಾಕಿದೆವು. ಮೂರು ತಿಂಗಳು ಓಡಾಡಿ ನೋಡು, ಆಮೇಲೆ ಮತ್ತೆ ಕೂತು ಮಾತಾಡೋಣ ಅಂದೆವು.

ಮೂರು ತಿಂಗಳು ಅವಳು ಓಡಾಡಿದಳು. ಕೆಲಸ ಹಿಡಿಸಿತು, ಸಂಬಳ ಖಾತೆಗೆ ಬಂತು. ಆದರೆ ಓವರ್‌ಟೈಮ್ ಇದ್ದ ದಿನ ಮನೆಗೆ ಬರುವಷ್ಟರಲ್ಲಿ ಮಕ್ಕಳು ಮಲಗಿರುತ್ತಿದ್ದರು. ಸಣ್ಣ ಮಗಳು ಒಂದಿನ, "ಅವ್ವ, ನೀನು ಭಾನುವಾರ ಮಾತ್ರ ನಮ್ಮ ಮನ್ಯಾಗ ಇರ್ತೀಯೇನು?" ಅಂದಳಂತೆ. ಅದನ್ನ ಸಭೆಯಲ್ಲಿ ಹೇಳುವಾಗ ಆ ತಂಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾವು ಯಾರೂ ಮಾತಾಡಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಅವಳ ಅತ್ತೆ. ಎಪ್ಪತ್ತರ ಹತ್ತಿರದ ಮುದುಕಿ, ಸಂಘದ ಸದಸ್ಯೆಯೂ ಅಲ್ಲ. ಸಭೆಗೆ ಬಂದು ಕೂತು ಹೇಳಿದಳು: "ಹೋಗವ್ವ. ಹುಡುಗ್ರನ್ನ ಕರ್ಕೊಂಡು ಹೋಗು. ಈ ಮನಿ ಬಾಗ್ಲು ನಾನು ತೆಗ್ದಿಟ್ಟಿರ್ತೀನಿ. ಸರಿ ಬರ್ಲಿಲ್ಲ ಅಂದ್ರೆ ಬಂದುಬಿಡು, ಯಾಕ ಬಂದಿ ಅಂತ ಈ ಮನ್ಯಾಗ ಯಾರೂ ಕೇಳಾಕಿಲ್ಲ." ಮಗ ತಲೆ ಬಗ್ಗಿಸಿ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ, "ನಾನು ಹೊಲದ ಕೆಲಸ ಇದ್ದಾಗ ಇಲ್ಲಿರ್ತೀನಿ, ಇಲ್ದಾಗ ಅಲ್ಲಿ ಬರ್ತೀನಿ" ಅಂದ.

ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಅವರು ಬಳ್ಳಾರಿಯಲ್ಲಿ ಬಾಡಿಗೆ ಮನೆ ಮಾಡಿದರು. ಅಡ್ವಾನ್ಸಿಗೆ ಸಂಘದಿಂದ ಸಾಲ ಕೊಟ್ಟೆವು. ಅವಳ ಹೆಸರು ಸಂಘದಲ್ಲಿ ಹಾಗೇ ಇದೆ. ಉಳಿತಾಯದ ದುಡ್ಡು ಫೋನಿನಲ್ಲಿ ಕಳಿಸುತ್ತಾಳೆ, ತಿಂಗಳಿಗೊಂದು ಸಭೆಗೆ ತಾನೇ ಬರುತ್ತಾಳೆ. ಅತ್ತೆಯ ಬಿ.ಪಿ. ಮಾತ್ರೆಯನ್ನು ಪಕ್ಕದ ಮನೆಯ ನಮ್ಮ ಸದಸ್ಯೆ ತಂದುಕೊಡುತ್ತಾಳೆ. ಕಷ್ಟ ಇಲ್ಲ ಅಂತಲ್ಲ. ಬಾಡಿಗೆ ಜಾಸ್ತಿ, ನೀರು ಬಿಡುವ ದಿನ ಕೆಲಸಕ್ಕೆ ತಡ. ಆದರೆ ವರ್ಷ ಆದ ಮೇಲೆ ಇರೋದೋ ಬರೋದೋ ಅಂತ ಮತ್ತೆ ಯೋಚನೆ ಮಾಡುತ್ತಾಳೆ. ಯೋಚನೆ ಮಾಡುವ ಹಕ್ಕು ಅವಳ ಕೈಯಲ್ಲೇ ಇದೆ.

ವಾಪಸ್ ಬರುವ ದಾರಿಗೆ ಐದು ಮಾತು

ಒಂದು, ಮನೆ, ಹೊಲ, ದನ ಎಲ್ಲವನ್ನೂ ಮಾರಿ ಹೋಗಬೇಡಿ. ಕೊನೆಪಕ್ಷ ಒಂದನ್ನು ಉಳಿಸಿಕೊಳ್ಳಿ.

ಎರಡು, ಸಂಘದಲ್ಲಿ ಹೆಸರು ತೆಗೆಸಬೇಡಿ. ಉಳಿತಾಯ ಕಡಿಮೆ ಮಾಡಿ, ಆದರೆ ನಿಲ್ಲಿಸಬೇಡಿ.

ಮೂರು, ಊರಿಗೆ ವಾಪಸ್ ಬರುವಷ್ಟು ದುಡ್ಡನ್ನು ಬೇರೆ ಇಡಿ. ಅದನ್ನು ಹಬ್ಬಕ್ಕೂ ಮುಟ್ಟಬೇಡಿ.

ನಾಲ್ಕು, ಹೋಗುವ ದಿನವೇ ಮತ್ತೆ ಯೋಚಿಸುವ ದಿನವನ್ನು ಗೊತ್ತು ಮಾಡಿ. ಮೂರು ತಿಂಗಳಿಗೋ, ಆರು ತಿಂಗಳಿಗೋ. ಠರಾವು ಪುಸ್ತಕದಲ್ಲಿ ಬರೆಸಿ.

ಐದು, ಹೋದ ಕಡೆಯ ವಿಳಾಸ, ಕೆಲಸದ ಜಾಗದ ಹೆಸರು, ಅಲ್ಲಿ ಒಬ್ಬರ ಫೋನ್ ನಂಬರು ಸಂಘದಲ್ಲಿ ಕೊಟ್ಟು ಹೋಗಿ. ಕಷ್ಟ ಬಂದರೆ 112 ಮತ್ತು ಮಹಿಳಾ ಸಹಾಯವಾಣಿ 181 ನೆನಪಿಡಿ. ಕಾನೂನು ಸಲಹೆಗೆ 15100.

ಈ ಐದು ಮಾತು ಹೋಗುವವರಿಗೆ. ಊರಲ್ಲಿ ಉಳಿಯುವ ನಮಗೆ ಇರೋದು ಒಂದೇ. ಹೋದವರು ವಾಪಸ್ ಬಂದರೆ "ಹೋದ ಪುಟ್ಟಾ ಬಂದ ಪುಟ್ಟಾ" ಅಂತ ನಗಬೇಡಿ. ನಗುವವರಿಗೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಹೊಡೆತ ತಿಂದರೂ, ಕೂಲಿ ಸಿಗದಿದ್ದರೂ ಅಲ್ಲೇ ಉಳಿಯುತ್ತಾರೆ. ಮೊದಲು ಹೇಳಿದ ಸಿರುಗುಪ್ಪ ಕಡೆಯ ಅಕ್ಕನ ಮನೆಗೆ ನಾವು ಕೊನೆಗೂ ಹೋದೆವು, ಬಹಳ ತಡವಾಗಿ. ಬಾಗಿಲಲ್ಲಿ ನಿಂತು, "ತಪ್ಪಾಯ್ತು ಅಕ್ಕ, ಆವತ್ತೇ ಬರಬೇಕಿತ್ತು" ಅಂದೆವು. ಅವಳು ಒಳಗೆ ಕರೆದು ಚಹಾ ಕೊಟ್ಟಳು. ಇವತ್ತು ಈ ಸಭೆಯಲ್ಲಿ ಅವಳೂ ಕೂತಿದ್ದಾಳೆ. ತನ್ನ ಕಥೆ ಹೇಳಿ ಅಂತ ನಮಗೆ ಹೇಳಿದವಳೂ ಅವಳೇ.

ಇಟ್ಟಿಗೆ ಭಟ್ಟಿಗೆ ಹೋದವಳು ಇನ್ನೂ ಸಭೆಗೆ ಬಂದಿಲ್ಲ. ಅವಳು ಬರುವ ದಿನ ನಮ್ಮ ಬಾಗಿಲೂ ತೆರೆದಿರಬೇಕು.

ಸಂಘದ ಮುಂದಿನ ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದಿಂದ ಕೆಲಸಕ್ಕಾಗಿ ಊರು ಬಿಟ್ಟವರು ಯಾರು? ಅವರ ಹೆಸರು ಪುಸ್ತಕದಲ್ಲಿದೆಯೇ? ಕೊನೆಯ ಸಲ ಅವರ ಜೊತೆ ಯಾವಾಗ ಮಾತಾಡಿದೆವು?

2. ಕೆಲಸಕ್ಕೆ ಹೋಗುವ ಸದಸ್ಯೆಗೆ ಮೊದಲ ತಿಂಗಳ ಖರ್ಚಿಗೆ ಸಾಲ ಕೊಡುವ ಬಗ್ಗೆ ನಮ್ಮ ಠರಾವು ಏನು?

3. ಈ ತಿಂಗಳು ಹೊರಡುವ ಯೋಚನೆಯಲ್ಲಿರುವವರು ಯಾರಾದರೂ ಇದ್ದಾರೆಯೇ? ಇದ್ದರೆ ಅವರ ಜೊತೆ ಕೂತು ಲೆಕ್ಕ ಬರೆಯಿರಿ.